ಛಾಯಾಚಿತ್ರದ ಹಿನ್ನೆಲೆ



ನಮ್ಮ ಕೊಡಗಿನಲ್ಲಿ ಬೇಸಿಗೆಯ ಮೊದಲ ಮಳೆ ಬಿದ್ದು ಎಂಟು ಹತ್ತು ದಿನಗಳು ಕಳೆಯುವಷ್ಟರಲ್ಲಿ ಕಾಫಿಯ ಗಿಡಗಳೆಲ್ಲ ಹೂಬಿಟ್ಟು ಬೆಳ್ಳಗಾಗುವುದನ್ನು ನೀವೆಲ್ಲರೂ ಕಂಡಿರುವಿರಿ. ಈ ಶೋಭೆಯು ಎರಡು ಮೂರು ದಿನಗಳಿಗಿಂತ ಹೆಚ್ಚು ನಿಲ್ಲದು. ಆದುದರಿಂದ ಕ್ಯಾಮೆರಾ ಇದ್ದವರೆಲ್ಲರೂ (ಈಗ ಫೋನಿನಲ್ಲಿಯೇ ಅದು ಅಡಗಿರುವುದರಿಂದ ಬಹುಮಟ್ಟಿಗೆ ಎಲ್ಲರೂ) ತೋಟಕ್ಕೆ ಧಾವಿಸಿ ಪಟಗಳನ್ನು ತೆಗೆಯುವರು. ಮನೆಗೆ ಬಂದು ನೋಡಿದರೆ ನಿರಾಶೆ! ಹೂವಿನ ಕೊಂಬೆಯೇನೋ ಇದೆ. ಅದರ ಹಿಂದೆ ಇನ್ನೊಂದು ಕೊಂಬೆ, ಅದರ ಹಿಂದೆ ಮೆಣಸಿನ ಬಳ್ಳಿ, ಸಿಲ್ವರ್ ಓಕ್ ಮರದ ಕಾಂಡ, ನೀರಿನ ಕೊಳವೆ, ಯಾರೋ ಒಣಹಾಕಿದ ಬಟ್ಟೆ. ನಮ್ಮ ಕಣ್ಣು ಯಾವುದನ್ನೆಲ್ಲ ಗಣಿಸದೆ ಬಿಟ್ಟಿತ್ತೋ ಅದನ್ನೆಲ್ಲ ಯಂತ್ರವು ಜೋಪಾನವಾಗಿ ಹೊತ್ತು ತಂದಿರುತ್ತದೆ.

ಇದಕ್ಕೆ ಕಾರಣವುಂಟು. ನಮ್ಮ ಕಣ್ಣು ಒಂದು ಕ್ಷಣದಲ್ಲಿ ಸ್ಫುಟವಾಗಿ ಕಾಣುವ ಭಾಗವು ಬಹಳ ಚಿಕ್ಕದು; ಕೈಯನ್ನು ನೀಳವಾಗಿ ಚಾಚಿ ಹಿಡಿದಾಗ ಹೆಬ್ಬೆರಳಿನ ಉಗುರು ಎಷ್ಟು ಕಾಣುವುದೋ ಹೆಚ್ಚು ಕಡಿಮೆ ಅಷ್ಟೇ. ಮಿಕ್ಕುದೆಲ್ಲ ಮಸುಕು. ಆದರೆ ಮನಸ್ಸು ಬಯಸಿದ ಕಡೆಗೆ ದೃಷ್ಟಿಯು ಕೂಡಲೆ ಹರಿಯುವುದರಿಂದ ಈ ಮಸುಕು ನಮಗೆ ಗೋಚರವಾಗದು. ಕ್ಯಾಮೆರಾಕ್ಕೆ ಮನಸ್ಸಿಲ್ಲ. ಅದರ ಪರವಾಗಿ ಆಯ್ಕೆಮಾಡುವ ಹೊಣೆಯು ಪಟ ತೆಗೆಯುವವಳದು.

ಹಿನ್ನೆಲೆಯನ್ನು ಮಸುಕುಗೊಳಿಸುವುದು ಮಸೂರದಲ್ಲಿರುವ ರಂಧ್ರದಿಂದ. ಇದನ್ನು ಅಪರ್ಚರ್ ಎನ್ನುವರು. ಕ್ಯಾಮೆರಾದ ಮೇಲೆ ಕಾಣುವ ಎಫ್ ಸಂಖ್ಯೆಯಿಂದ ಮಸೂರದ ನಾಭಿದೂರವನ್ನು ಭಾಗಿಸಿದರೆ ಈ ರಂಧ್ರದ ಅಗಲವು ದೊರೆಯುವುದು. ೫೦ ಮಿಲಿಮೀಟರಿನ ಮಸೂರಕ್ಕೆ ಎಫ್ ಸಂಖ್ಯೆ ೨ ಇದ್ದರೆ ರಂಧ್ರವು ೨೫ ಮಿಲಿಮೀಟರ್. ೮ ಇದ್ದರೆ ಆರು ಮಿಲಿಮೀಟರಿಗೆ ತುಸು ಹೆಚ್ಚು. ಸಂಖ್ಯೆ ಚಿಕ್ಕದಾದಷ್ಟೂ ರಂಧ್ರ ದೊಡ್ಡದೆಂಬುದು ಹೊಸಬರನ್ನು ಗೊಂದಲಕ್ಕೆ ಈಡುಮಾಡುತ್ತದೆ. ನನಗೂ ಇದು ಬಾಯಿಪಾಠವಾಗಲು ಒಂದು ಮಳೆಗಾಲವೇ ಬೇಕಾಯಿತು.

ನಿಮ್ಮ ಗೆಳತಿಯನ್ನು ಎರಡು ಮೀಟರು ದೂರದಲ್ಲಿ ನಿಲ್ಲಿಸಿರುವಿರೆಂದು ಭಾವಿಸಿರಿ. ಆಕೆಯ ಹಿಂದೆ ಬಹುದೂರದಲ್ಲಿ ಎಲೆಯ ಮೇಲೊಂದು ಇಬ್ಬನಿಯ ಹನಿ ಹೊಳೆಯುತ್ತಿದೆ. ಗೆಳತಿಯ ಮುಖವು ಸ್ಫುಟವಾಗುವಂತೆ ಮಸೂರವನ್ನು ಹೊಂದಿಸಿದರೆ ಆ ಹನಿಯ ಬೆಳಕು ಚುಕ್ಕೆಯಾಗಿ ನಿಲ್ಲದೆ ಬಿಲ್ಲೆಯಾಗಿ ಹರಡುವುದು. ಎಷ್ಟು ದೊಡ್ಡ ಬಿಲ್ಲೆ? ಆಕೆಯ ಕೆನ್ನೆಯ ಬಳಿ ಹಿಡಿದರೆ ರಂಧ್ರದ ಅಗಲಕ್ಕೆ ಸ್ವಲ್ಪವೇ ಕಡಿಮೆ ಇರುವಷ್ಟು. ಎಂದರೆ, ಎಫ್ ೨ರಲ್ಲಿ ಒಂದು ರೂಪಾಯಿ ನಾಣ್ಯದಷ್ಟು. ಎಫ್ ೮ರಲ್ಲಿ ನಮ್ಮ ತೋಟದ ಕರಿಮೆಣಸಿನ ಕಾಳಿನಷ್ಟು. ಹಿಂದಿರುವ ಪ್ರತಿಯೊಂದು ಎಲೆ, ಪ್ರತಿಯೊಂದು ಕಡ್ಡಿಯೂ ಹೀಗೆ ನಾಣ್ಯಗಳಾಗಿ ಒಂದರ ಮೇಲೊಂದು ಬಿದ್ದು ಬೆರೆತು ಹೋಗುವುದೇ ಮಸುಕು. ಗೆಳತಿಯು ಗೋಡೆಗೆ ಒರಗಿ ನಿಂತಿದ್ದರೆ ಯಾವ ಮಸೂರವೂ ಆ ಗೋಡೆಯನ್ನು ಕರಗಿಸಲಾರದು. ಆಕೆಯನ್ನು ಮುಂದಕ್ಕೆ ಕರೆಯಬೇಕು, ನೀವೂ ಆಕೆಯನ್ನು ಸಮೀಪಿಸಬೇಕು.

ಮರಗಳ ಸಂದಿಯಿಂದ ಇಣಿಕುವ ಆಕಾಶವು ಪಟದಲ್ಲಿ ದುಂಡು ದುಂಡಾಗಿ ಕಾಣುವುದು ಈ ಕಾರಣದಿಂದಲೇ. ಸಂದಿಯು ಹೇಗೇ ಇರಲಿ, ಬಿಲ್ಲೆಯು ಮಸೂರದ ರಂಧ್ರದ ಆಕಾರವನ್ನು ತಾಳುವುದು. ನೆರಳಿನ ಮರಗಳ ಕೆಳಗೆ ನೆಲದ ಮೇಲೆ ಬೀಳುವ ದುಂಡು ಬಿಸಿಲೂ ಇದಕ್ಕೆ ದಾಯಾದಿ; ಅಲ್ಲಿ ಎಲೆಗಳ ಸಂದಿಯೇ ರಂಧ್ರ, ಬಿದ್ದಿರುವುದು ಸೂರ್ಯನ ಬಿಂಬ. ೨೦೧೯ನೆಯ ಡಿಸೆಂಬರ್ ೨೬ರಂದು ನಮ್ಮ ಕುಟ್ಟದ ಮೇಲೆ ಹಾದುಹೋದಂತಹ ಕಂಕಣ ಗ್ರಹಣದಲ್ಲಿ ಮರದಡಿಯ ಆ ಬಿಸಿಲ ಚುಕ್ಕೆಗಳು ಬಳೆಗಳಾಗುವುವು. ಚಿತ್ರದ ಮಸುಕಿನ ಚೆಲುವಿಗೆ ಜಪಾನೀಯರ ಮಾತಿನಿಂದ ಬಂದ ‘ಬೊಕೆ’ ಎಂಬ ಹೆಸರು ೧೯೯೭ರ ಬಳಿಕ ಲೋಕದಲ್ಲೆಲ್ಲ ಹಬ್ಬಿತು.

ಫೋನಿನ ರಂಧ್ರವೋ ಮೂರು ನಾಲ್ಕು ಮಿಲಿಮೀಟರಿನದು, ಕೊತ್ತಂಬರಿ ಬೀಜದಷ್ಟು. ಅದರಿಂದ ಇಂತಹ ಮಸುಕು ಸ್ವಭಾವತಃ ಬಾರದು. ಆದುದರಿಂದ ಫೋನು ಮನುಷ್ಯನ ಆಕಾರವನ್ನು ಊಹಿಸಿ, ಮಿಕ್ಕುದನ್ನು ಲೆಕ್ಕಹಾಕಿ ಅಳಿಸುತ್ತದೆ. ಊಹೆ ಬಹುಮಟ್ಟಿಗೆ ಸರಿಯಾದರೂ, ಗಾಳಿಗೆ ಹಾರುವ ಕೂದಲಿನಲ್ಲಿಯೂ ಮುಡಿದ ಮಲ್ಲಿಗೆಯ ಅಂಚಿನಲ್ಲಿಯೂ ಅದು ತಪ್ಪುವುದು ಹೆಚ್ಚು. ಅರ್ಧ ಕಿವಿ ಕರಗಿಹೋದ ಮದುಮಗಳ ಪಟವೊಂದನ್ನು ನಾನು ಕಂಡಿದ್ದೇನೆ!

ಮಸುಕನ್ನು ದೋಷವೆಂದೇ ಎಣಿಸುತ್ತಿದ್ದ ಕಾಲವೊಂದಿತ್ತು. ೧೮೧೫ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರನ್ ಎಂಬ ಮಹಿಳೆಗೆ ೧೮೬೩ರಲ್ಲಿ, ನಾಲ್ವತ್ತೆಂಟನೆಯ ವಯಸ್ಸಿನಲ್ಲಿ, ಮಗಳೂ ಅಳಿಯನೂ ಒಂದು ಕ್ಯಾಮೆರಾವನ್ನು ಉಡುಗೊರೆಯಾಗಿ ಕೊಟ್ಟರು. ಇಂಗ್ಲೆಂಡಿನ ವೈಟ್ ದ್ವೀಪದ ತನ್ನ ಮನೆಯಲ್ಲಿ ಆಕೆ ಕೋಳಿಗೂಡನ್ನು ಚಿತ್ರಶಾಲೆಯನ್ನಾಗಿಯೂ ಕಲ್ಲಿದ್ದಲಿನ ಕೋಣೆಯನ್ನು ಕತ್ತಲೆಯ ಕೋಣೆಯನ್ನಾಗಿಯೂ ಮಾಡಿಕೊಂಡಳು. ಮಸೂರವನ್ನು ತಿರುಗಿಸುತ್ತಿರುವಾಗ ಕಣ್ಣಿಗೆ ಎಲ್ಲಿ ಸುಂದರವೆನಿಸಿತೋ ಅಲ್ಲಿಯೇ ನಿಲ್ಲಿಸಿಬಿಡುವುದು ಆಕೆಯ ಪದ್ಧತಿ. ವೃತ್ತಿಯವರು ಹೀಯಾಳಿಸಿದರು, ಅವಳಿಗೆ ಯಂತ್ರವನ್ನು ಹಿಡಿಯಲೇ ಬಾರದೆಂದರು. ಆದರೂ ಟೆನಿಸನ್, ಹರ್ಷೆಲ್, ಡಾರ್ವಿನ್ ಮುಂತಾದವರು ಆಕೆಯ ಮುಂದೆ ಕುಳಿತರು. ಆ ಮುಖಗಳನ್ನು ಇಂದಿಗೂ ನಾವು ಆಕೆಯ ಪಟಗಳಿಂದಲೂ ಬಲ್ಲೆವು. ಆಕೆಯ ಮನೆತನಕ್ಕೆ ಸಿಂಹಳದಲ್ಲಿ ಕಾಫಿ ತೋಟಗಳಿದ್ದುವು. ೧೮೭೫ರಲ್ಲಿ ಅಲ್ಲಿಗೆ ಹೋಗಿ ನೆಲಸಿ, ತೋಟದ ಕೆಲಸದವರ ಪಟಗಳನ್ನೂ ತೆಗೆದು, ೧೮೭೯ರಲ್ಲಿ ಅಲ್ಲಿಯೇ ಮರಣ ಹೊಂದಿದಳು. ಸಿಂಹಳದಲ್ಲಿ ತೆಗೆದ ಪಟಗಳಲ್ಲಿ ಉಳಿದಿರುವುವು ಕೆಲವೇ.

ಕೊಡಗಿನವರಾದ ನಮಗೆ ಯಂತ್ರದ ಮಸುಕಿಗಿಂತ ಮೊದಲೇ ಮಂಜಿನ ಮಸುಕು ಲಭ್ಯವಾಗಿದೆ. ವರ್ಷಕ್ಕೆ ೩೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಮಡಿಕೇರಿಯಲ್ಲಿ ಆಷಾಢದ ಬೆಳಿಗ್ಗೆ ರಾಜಾಸೀಟಿನ ಕಟ್ಟೆಯ ಬಳಿ ನಿಂತು ನೋಡಿರಿ. ಹತ್ತಿರದ ಮರ ಕಪ್ಪು, ಅದರಾಚೆಯದು ಬೂದಿ, ಆಚೆಯ ಬೆಟ್ಟವು ಇದೆಯೋ ಇಲ್ಲವೋ ಎಂಬಂತೆ. ಇಲ್ಲಿ ರಂಧ್ರವನ್ನು ಅಗಲಿಸಬೇಕಾಗಿಲ್ಲ. ಆದರೆ ಕ್ಯಾಮೆರಾವು ಕಂಡುದನ್ನೆಲ್ಲ ನಡುಬಣ್ಣದ ಬೂದಿಯೆಂದು ತಿಳಿಯುವ ಯಂತ್ರವಾದುದರಿಂದ ಬಿಳಿಯ ಮಂಜನ್ನು ಕೊಳಕಾಗಿಸುವುದು. ಬೆಳಕನ್ನು ಸ್ವಲ್ಪ ಹೆಚ್ಚಿಸಿಕೊಳ್ಳಬೇಕು. ಕಪ್ಪು ಕುಪ್ಯ ಧರಿಸಿದವರ ಪಟದಲ್ಲಿ ಇದೇ ತಪ್ಪು ತಿರುಗುಮುರುಗಾಗಿ, ಕಪ್ಪು ಬೂದಿಯಾಗುವುದು. ಅಲ್ಲಿ ಬೆಳಕನ್ನು ಕುಗ್ಗಿಸಬೇಕು. ಹಾಗೆ ಕುಗ್ಗಿಸಿದಾಗಲೇ ನಡುವಿಗೆ ಕಟ್ಟಿದ ಕೆಂಪು ರೇಷ್ಮೆಯ ಚೇಲೆಯು ಬೆಂಕಿಯಂತೆ ಎದ್ದು ಕಾಣುವುದು.

ವರ್ಣದ ವಿಷಯದಲ್ಲಿ ನಮ್ಮ ತೋಟಗಳು ಒಂದು ಮೋಸ ಮಾಡುತ್ತವೆ. ನೆರಳಿನ ಮರಗಳಿಂದ ಸೋಸಿ ಬರುವ ಬೆಳಕು ಹಸುರು. ಅದರಲ್ಲಿ ನಿಂತವರ ಮುಖವೂ, ಬಿಳಿಯ ಹೂವೂ, ಬಿಳಿಯ ಸೀರೆಯೂ ತುಸು ಹಸುರಾಗುವುವು. ತೋಟದ ಅಂಚಿಗೆ, ಆಕಾಶ ಕಾಣುವ ಕಡೆಗೆ ಒಂದೆರಡು ಹೆಜ್ಜೆ ಸರಿದರೆ ಸಾಕು. ಪುಷ್ಯಮಾಸದ ಹಣ್ಣು ಕಾಫಿಗೆ ಮಾತ್ರ ಈ ಹಸುರೇ ಉಪಕಾರಿ. ಹಸುರಿನ ಮುಂದೆ ಕೆಂಪು ಎದ್ದು ಬರುವಷ್ಟು ಬೇರೆಲ್ಲಿಯೂ ಬಾರದು. ೧೯೦೭ರಲ್ಲಿ ಲ್ಯೂಮಿಯೇರ್ ಸಹೋದರರು ಮಾರಾಟಕ್ಕೆ ತಂದ ಆಟೋಕ್ರೋಮ್ ವರ್ಣಫಲಕವು ಬಣ್ಣ ಹಾಕಿದ ಆಲೂಗೆಡ್ಡೆಯ ಹಿಟ್ಟಿನ ಕಣಗಳಿಂದ ಆದುದೆಂದರೆ ಅಡಿಗೆಮನೆಯವರಾದ ನಮಗೆ ಸಂತೋಷವಾಗದಿರದು.

ಮೇಲ್ಮೈಯ ಒರಟು ನುಣುಪುಗಳು ಓರೆಬೆಳಕಿನಲ್ಲಿ ಮಾತ್ರ ಮಾತನಾಡುವುವು. ನಡುಹಗಲಿನಲ್ಲಿ ಕಾಫಿ ಕಣವು ಬರಿಯ ಕಂದು ಹಾಸು. ಬೆಳಿಗ್ಗೆ ಏಳರ ಬಿಸಿಲಿನಲ್ಲಿ ಅದೇ ಕಣದ ಒಂದೊಂದು ಕಾಯಿಗೂ ತನ್ನದೇ ನೆರಳು. ಮರದ ತೊಗಟೆಯ ಪಾಚಿ, ಬೆತ್ತದ ಬುಟ್ಟಿಯ ಹೆಣಿಗೆ, ಹಳೆಯ ಮನೆಗಳ ಬಾಗಿಲುವಾಡದ ಕೆತ್ತನೆ, ಇವೆಲ್ಲ ಹೀಗೆಯೇ.

ಕೆತ್ತನೆಯ ಮಾತು ಬಂದುದರಿಂದ ನನ್ನ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ೨೦೧೭ರ ಪುತ್ತರಿಯಂದು ಮಡಿಕೇರಿಯ ಸಮೀಪದ ಗೆಳತಿಯೊಬ್ಬಳ ಐನ್‌ಮನೆಯಲ್ಲಿ, ಐಮರದ ಮುಂದೆ ದೀಪ ಹಿಡಿದು ನಿಂತ ಅವಳ ಅಜ್ಜಿಯ ಪಟಗಳನ್ನು ತೆಗೆದೆನು. ರಾತ್ರಿಯಾದುದರಿಂದ ರಂಧ್ರವನ್ನು ಪೂರ್ತಿ ತೆರೆದಿದ್ದೆನು. ಅಜ್ಜಿಯ ಮುಖದ ಒಂದೊಂದು ಗೆರೆಯೂ ಬಂದಿತ್ತು; ಹಿಂದಿನದೆಲ್ಲ ಹೊಂಬಣ್ಣದ ಮಂಜು. ನೋಡಿದವರೆಲ್ಲ ಹೊಗಳಿದರು. ಮರುವರ್ಷ, ೨೦೧೮ರ ಆಗಸ್ಟಿನಲ್ಲಿ, ನಾವೆಲ್ಲ ಬಲ್ಲ ಆ ಮಳೆಯಲ್ಲಿ ಬೆಟ್ಟ ಜಾರಿ ಆ ಮನೆಯೇ ಹೋಯಿತು. ಮನೆಯವರು ಮೊದಲೇ ಹೊರಟಿದ್ದರಿಂದ ಜೀವಗಳು ಉಳಿದುವು. ತರುವಾಯ ಅಜ್ಜಿಯು, ಕಂಬದ ಕೆತ್ತನೆ ಹೇಗಿತ್ತೆಂದು ಮೊಮ್ಮಕ್ಕಳಿಗೆ ತೋರಿಸಬೇಕು, ನಿನ್ನ ಪಟಗಳಲ್ಲಿ ಇದೆಯೇ ನೋಡು ಮಗಳೇ, ಎಂದು ಹೇಳಿಕಳುಹಿಸಿದರು. ನಲ್ವತ್ತು ಪಟಗಳನ್ನೂ ಹುಡುಕಿದೆನು. ಕಂಬಗಳಿದ್ದ ಎಡೆಯಲ್ಲಿ ಕಂದು ಬಿಲ್ಲೆಗಳು. ಮಸೂರವು ಒಮ್ಮೆ ಬೆರೆಸಿದ ಬೆಳಕನ್ನು ಮತ್ತೆ ಬೇರ್ಪಡಿಸಿ ಅಂತಹ ಕೆತ್ತನೆಯನ್ನು ಹೊರತೆಗೆಯುವುದಾಗದು. ಫೋನಿನಲ್ಲಿ ತೆಗೆದಿದ್ದರೆ, ಲೆಕ್ಕದಿಂದ ಹಾಕಿದ ಮಸುಕನ್ನು ಅನೇಕ ಸಲ ಹಿಂದೆಗೆಯಲಾಗುವುದು. ಈ ಒಂದು ವಿಷಯದಲ್ಲಿ ಅದೇ ಮೇಲು.

ಅಂದಿನಿಂದ ಎಲ್ಲಿಗೆ ಹೋದರೂ ಎರಡು ಪಟಗಳನ್ನು ತೆಗೆಯುತ್ತೇನೆ: ಎಫ್ ೨ರಲ್ಲಿ ಒಂದು, ಕ್ಯಾಮೆರಾವನ್ನು ಮುಕ್ಕಾಲಿಯ ಮೇಲಿರಿಸಿ ಎಫ್ ೧೧ರಲ್ಲಿ ಇನ್ನೊಂದು. ಎರಡನೆಯದಕ್ಕೆ ಎರಡು ಮೂರು ಸೆಕೆಂಡು ಅಲುಗದೆ ನಿಲ್ಲಬೇಕಾಗುವುದರಿಂದ ಹುಡುಗಿಯರು ಗೊಣಗುತ್ತಾರೆ. ಆ ಅಜ್ಜಿಯು ಮಾತ್ರ, ಬಾಡಿಗೆಯ ಮನೆಯ ಹೊಸಿಲಲ್ಲಿ ನಿಂತಾಗಲೂ, ಹಿಂದಿನ ಬಾಗಿಲೂ ಬರುತ್ತದೆಯೇ ಎಂದು ಕೇಳಿ, ಬರುತ್ತದೆ ಎಂದ ಮೇಲೆಯೇ ಸೆರಗನ್ನು ಸರಿಪಡಿಸಿಕೊಂಡು ಸುಮ್ಮನೆ ನಿಲ್ಲುತ್ತಾರೆ.