ಗೆಳೆಯನಿಗೆ ವೀಸಾ ತೆಗೆಯುವ ಮುನ್ನ: ಹಳೆಯ ಓವರ್‌ಸ್ಟೇ ಮತ್ತು ಕಫಾಲತ್‌ನ ಹೊಣೆ

"ಒಂದು ವಿಸಿಟ್ ತೆಗೆದುಕೊಡು ಮಾರಾಯ, ಬಂದ ಮೇಲೆ ಕೆಲಸ ನಾನೇ ನೋಡಿಕೊಳ್ತೇನೆ." ದುಬೈಯಲ್ಲೋ ಶಾರ್ಜಾದಲ್ಲೋ ದುಡಿಯುವ ನಮ್ಮ ಕರಾವಳಿಯ ಯುವಕರಲ್ಲಿ ಊರಿನಿಂದ ಇಂಥ ಕರೆ ಬಾರದವರು ಕಡಿಮೆ. ಕೇಳುವವನು ಮದ್ರಸದಲ್ಲಿ ಜೊತೆಗೆ ಕಲಿತವನು, ನಿಮ್ಮ ಮನೆಯ ಮದುವೆಯಲ್ಲಿ ಬಡಿಸಲು ನಿಂತವನು. ಇಲ್ಲವೆನ್ನಲು ನಾಲಗೆ ಬರುವುದಿಲ್ಲ. ಆದರೆ ಅವನು ಹಿಂದೊಮ್ಮೆ ಗಲ್ಫ್‌ನಲ್ಲಿದ್ದು, ವೀಸಾ ಮುಗಿದ ಮೇಲೂ ಉಳಿದು, ಹೇಗೋ ಊರು ಸೇರಿದವನಾಗಿದ್ದರೆ? ಆಗ ಸಹಿ ಹಾಕುವ ಮುನ್ನ ಕೇಳಬೇಕಾದ ಕೆಲವು ಪ್ರಶ್ನೆಗಳಿವೆ.

ಜಾಮೀನು ನಿಲ್ಲುವ ವಿಷಯ ಖುತ್ಬಾಗಳಲ್ಲಿ ಹೆಚ್ಚಾಗಿ ಸಾಲದ ಸಂದರ್ಭದಲ್ಲಿಯೇ ಬರುತ್ತದೆ. ಸಾಲ ಉಳಿಸಿ ಮೃತಪಟ್ಟ ವ್ಯಕ್ತಿಯ ಜನಾಝ ನಮಾಝ್‌ಗೆ ನೇತೃತ್ವ ವಹಿಸಲು ಪ್ರವಾದಿ(ಸ) ಹಿಂಜರಿದಾಗ, ಅಬೂ ಕತಾದಃ(ರ) ಮುಂದೆ ಬಂದು ಆ ದೀನಾರ್‌ಗಳ ಹೊಣೆ ಹೊತ್ತ ಘಟನೆ ನಮಗೆ ಗೊತ್ತು. ಜಾಬಿರ್(ರ) ವರದಿ ಮಾಡಿದ ಹದೀಸ್‌ನಲ್ಲಿ ಇನ್ನೂ ಒಂದು ವಿವರವಿದೆ. ಆ ದೀನಾರ್‌ಗಳು ಏನಾದವೆಂದು ಪ್ರವಾದಿ(ಸ) ಆಮೇಲೂ ಅಬೂ ಕತಾದಃ(ರ)ರಲ್ಲಿ ವಿಚಾರಿಸಿದರು. ಹೊಣೆ ಹೊತ್ತೆ ಎಂದ ಮಾತಿನಲ್ಲೇ ವಿಷಯ ಮುಗಿಯಲಿಲ್ಲ.

ಫಿಕ್‌ಹ್ ಗ್ರಂಥಗಳು ಹಣದ ಜಾಮೀನಿನ ಜೊತೆಗೆ ಆಳಿನ ಜಾಮೀನನ್ನೂ ಚರ್ಚಿಸುತ್ತವೆ. ಶಾಫಿಈ ಗ್ರಂಥಗಳಲ್ಲಿ ಇದಕ್ಕೆ ಕಫಾಲತುಲ್ ಬದನ್ ಎನ್ನುತ್ತಾರೆ. ಇಂಥವನನ್ನು ಇಂಥ ದಿನ ಹಾಜರುಪಡಿಸುತ್ತೇನೆ ಎಂಬ ವಚನ ಅದು. ವಿಸಿಟ್ ವೀಸಾದ ಸ್ಪಾನ್ಸರ್ ಮಾಡುವುದು ಹೆಚ್ಚು ಕಡಿಮೆ ಅದನ್ನೇ: ಈತ ಬರುತ್ತಾನೆ, ಅವಧಿಯೊಳಗೆ ಮರಳುತ್ತಾನೆ, ಅದಕ್ಕೆ ನಾನಿದ್ದೇನೆ. ಆಳು ಸಿಗದಿದ್ದರೆ ಅವನ ಸಾಲವನ್ನೂ ಜಾಮೀನುದಾರ ತೆರಬೇಕಿಲ್ಲ ಎಂಬುದು ಶಾಫಿಈ ಮದ್‌ಹಬ್‌ನ ಪ್ರಬಲ ಅಭಿಪ್ರಾಯ. ಆದರೆ ವೀಸಾ ಅರ್ಜಿಯಲ್ಲಿ ನಾವು ಒಪ್ಪಿಕೊಳ್ಳುವುದು ಆ ದೇಶದ ಷರತ್ತುಗಳನ್ನು. ಒಪ್ಪಿದ ಷರತ್ತು ಪಾಲಿಸಲೇಬೇಕಾದ ಕರಾರು.

ಈಗ ಯುಎಇಯ ನಿಯಮಕ್ಕೆ ಬರೋಣ. 2022ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಹೊಸ ವೀಸಾ ವ್ಯವಸ್ಥೆಯಲ್ಲಿ, ಅಲ್ಲಿ ಇಕಾಮಾ ಇರುವ ವಿದೇಶಿಯರೂ ತಮ್ಮ ಬಂಧುವನ್ನು ಅಥವಾ ಗೆಳೆಯನನ್ನು ಕರೆಸಿಕೊಳ್ಳಬಹುದು. ದುಬೈಯಲ್ಲಿ ಅರ್ಜಿ ಜಿಡಿಆರ್‌ಎಫ್‌ಎಗೆ, ಉಳಿದ ಎಮಿರೇಟ್‌ಗಳಲ್ಲಿ ಐಸಿಪಿ ಎಂಬ ಫೆಡರಲ್ ಪ್ರಾಧಿಕಾರಕ್ಕೆ. 2025ರ ಸೆಪ್ಟೆಂಬರ್‌ನಲ್ಲಿ ಐಸಿಪಿ ಸ್ಪಾನ್ಸರ್‌ನ ಸಂಬಳಕ್ಕೆ ಮಿತಿ ಹಾಕಿತು. ತಂದೆ, ತಾಯಿ, ಹೆಂಡತಿ, ಮಕ್ಕಳಂಥ ಹತ್ತಿರದವರಿಗೆ ತಿಂಗಳಿಗೆ 4,000 ದಿರ್ಹಮ್, ಎರಡನೇ ಮೂರನೇ ಹಂತದ ಸಂಬಂಧಿಕರಿಗೆ 8,000, ಗೆಳೆಯನಿಗೆ 15,000. ಅಂದರೆ ಕೆಫೆಟೇರಿಯಾದಲ್ಲೋ ಸೂಪರ್ ಮಾರ್ಕೆಟ್‌ನಲ್ಲೋ ದುಡಿಯುವ ನಮ್ಮ ಹುಡುಗರಲ್ಲಿ ಹೆಚ್ಚಿನವರು ಗೆಳೆಯನಿಗೆ ಸ್ಪಾನ್ಸರ್ ಆಗಲಾರರು. ಇದು ತಿಳಿಯದೆ ಮಾತು ಕೊಟ್ಟು, ಆಮೇಲೆ ಗೆಳೆಯನನ್ನು 'ಸೋದರಸಂಬಂಧಿ' ಎಂದು ಬರೆಸುವವರಿದ್ದಾರೆ. ಇಲ್ಲದ ಸಂಬಂಧವನ್ನು ಕಾಗದದಲ್ಲಿ ಹುಟ್ಟಿಸುವುದು ಸುಳ್ಳು ಸಾಕ್ಷ್ಯ. ಟೈಪಿಂಗ್ ಸೆಂಟರ್‌ನವನು ಹೇಳಿಕೊಟ್ಟ ಎಂಬುದು ಅದಕ್ಕೆ ಉತ್ತರವಾಗುವುದಿಲ್ಲ.

ಮುಖ್ಯ ಪ್ರಶ್ನೆ ಹಳೆಯ ಓವರ್‌ಸ್ಟೇಯದು. ನಮ್ಮಲ್ಲಿ ಎಲ್ಲದಕ್ಕೂ ಒಂದೇ ಮಾತು: 'ಅವನಿಗೆ ಬ್ಯಾನ್ ಬಿದ್ದಿದೆ'. ವಾಸ್ತವದಲ್ಲಿ ಊರು ಸೇರಿದ ದಾರಿ ಯಾವುದು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಅವಧಿ ಮೀರಿ ಉಳಿದು, ವಿಮಾನ ನಿಲ್ದಾಣದಲ್ಲೋ ಕಚೇರಿಯಲ್ಲೋ ದಂಡ ಕಟ್ಟಿ ತಾನಾಗಿ ಹೊರಟವನದು ಒಂದು ಬಗೆ. 2022ರಿಂದ ದಂಡ ದಿನಕ್ಕೆ 50 ದಿರ್ಹಮ್. ವಿಸಿಟ್‌ನವರಿಗೆ ಅದಕ್ಕೂ ಮೊದಲು 100 ಇತ್ತು. ಎರಡು ತಿಂಗಳು ಮೀರಿದರೆ 3,000, ಒಂದು ವರ್ಷವಾದರೆ 18,000 ದಾಟುತ್ತದೆ. ಇದನ್ನು ಪೂರ್ತಿ ಕಟ್ಟಿ ಹೋದವನ ಮೇಲೆ ಬೇರೆ ದೂರು ಇಲ್ಲದಿದ್ದರೆ ಓವರ್‌ಸ್ಟೇ ಒಂದೇ ಕಾರಣಕ್ಕೆ ಬಾಗಿಲು ಮುಚ್ಚುವುದಿಲ್ಲ.

ಆಮ್ನೆಸ್ಟಿಯಲ್ಲಿ ಹೋದವರೂ ಹೆಚ್ಚು ಕಡಿಮೆ ಅದೇ ಸಾಲಿನವರು. 2018ರ ಆಗಸ್ಟ್‌ನಿಂದ ಡಿಸೆಂಬರ್ ವರೆಗೆ, ಮತ್ತೆ 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ವರೆಗೆ ಯುಎಇ ಕ್ಷಮಾದಾನ ಕೊಟ್ಟಿತು. 2024ರಲ್ಲಿ ದಂಡವನ್ನು ಮನ್ನಾ ಮಾಡಿದ್ದಲ್ಲದೆ, ಹೊರಟವರಿಗೆ ಮರುಪ್ರವೇಶ ನಿಷೇಧವಿಲ್ಲ ಎಂದೂ ಘೋಷಿಸಲಾಗಿತ್ತು. ಆಗಿನ ಎಕ್ಸಿಟ್ ಕಾಗದ ಇಟ್ಟುಕೊಂಡವನು ಜಾಣ. ಅಲ್ಮೇರಾದ ಮೂಲೆಯಲ್ಲಿ ಹುಡುಕಿಸಿ.

ಕಂಪನಿ ಬಿಟ್ಟು ಓಡಿದನೆಂದು ಕಫೀಲ್ ದೂರು ಕೊಟ್ಟಿದ್ದರೆ, ಅಂದರೆ ಅಬ್‌ಸ್ಕಾಂಡಿಂಗ್ ಇದ್ದರೆ, ಕಥೆ ಬೇರೆ. ಬಾಡಿಗೆಯ ಚೆಕ್ ಬೌನ್ಸ್, ಬ್ಯಾಂಕ್ ಸಾಲ, ಪೊಲೀಸ್ ಕೇಸು ಇದ್ದರೆ ಇನ್ನೂ ಬೇರೆ. ಇಂಥವನು ಹೊಸ ವೀಸಾದಲ್ಲಿ ಬಂದಿಳಿದಾಗ ವಿಮಾನ ನಿಲ್ದಾಣದಲ್ಲೇ ತಡೆಯಲ್ಪಡಬಹುದು. ವೀಸಾ ಮಂಜೂರಾದ ಮಾತ್ರಕ್ಕೆ ಹಳೆಯ ಕೇಸು ಮುಗಿಯಿತೆಂದು ಅರ್ಥವಲ್ಲ.

ಕೊನೆಯದು ಗಡೀಪಾರು. ಸಿಕ್ಕಿಬಿದ್ದು, ಕಣ್ಣು ಮತ್ತು ಬೆರಳಿನ ಗುರುತು ಕೊಟ್ಟು ಕಳುಹಿಸಲ್ಪಟ್ಟವನು 2021ರ ವಿದೇಶಿಯರ ಕಾನೂನಿನ ಪ್ರಕಾರ ಪ್ರಾಧಿಕಾರದ ವಿಶೇಷ ಅನುಮತಿಯಿಲ್ಲದೆ ಮರಳುವಂತಿಲ್ಲ. ಗೆಳೆಯ ಹಾಕುವ ವಿಸಿಟ್ ಅರ್ಜಿ ಆ ಅನುಮತಿಗೆ ಬದಲಾಗದು. ಅದಕ್ಕೆ ಬೇರೆಯೇ ಅರ್ಜಿ, ಸಾಧ್ಯವಾದರೆ ಅಲ್ಲಿನ ವಕೀಲರ ಮೂಲಕ.

ಹೊಸ ಪಾಸ್‌ಪೋರ್ಟ್ ಮಾಡಿಸಿ, ಹೆಸರಿನ ಸ್ಪೆಲ್ಲಿಂಗ್‌ನಲ್ಲಿ ಒಂದಕ್ಷರ ಬದಲಿಸಿದರೆ ಆಯಿತು ಎಂಬ ಸಲಹೆ ಇಂದಿಗೂ ನಮ್ಮ ಊರುಗಳಲ್ಲಿ ಓಡಾಡುತ್ತಿದೆ. ಯುಎಇ ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಕಣ್ಣಿನ ಪಾಪೆಯ ಸ್ಕ್ಯಾನ್ ಮಾಡುತ್ತಿದೆ. ಸ್ಪೆಲ್ಲಿಂಗ್ ಬದಲಾದರೂ ಕಣ್ಣು ಬದಲಾಗದು. ಸುಳ್ಳು ವಿವರ ಕೊಟ್ಟು ಪಾಸ್‌ಪೋರ್ಟ್ ಪಡೆಯುವುದು 1967ರ ಪಾಸ್‌ಪೋರ್ಟ್ ಕಾಯ್ದೆಯಡಿ ನಮ್ಮ ದೇಶದಲ್ಲೂ ಅಪರಾಧ.

ಆದ್ದರಿಂದ ಗೆಳೆಯನನ್ನು ನಾಚಿಕೆ ಬಿಟ್ಟು ಕೇಳಿ. ಯಾವ ವರ್ಷ ಹೋದೆ? ಯಾವ ವೀಸಾ? ಯಾರು ಕಫೀಲ್? ಹೊರಡುವಾಗ ದಂಡ ಕಟ್ಟಿದ್ದೆಯಾ, ಔಟ್ ಪಾಸ್‌ನಲ್ಲಿ ಬಂದೆಯಾ, ಜೈಲಿನಿಂದ ನೇರವಾಗಿ ಬಂದೆಯಾ? ಹಳೆಯ ಪಾಸ್‌ಪೋರ್ಟ್‌ನ ವೀಸಾ ಪುಟ ಮತ್ತು ಎಕ್ಸಿಟ್ ಮುದ್ರೆಯ ಫೋಟೋ ತರಿಸಿಕೊಳ್ಳಿ. ಹಳೆಯ ಫೈಲ್ ನಂಬರ್ ಅಥವಾ ಪಾಸ್‌ಪೋರ್ಟ್ ನಂಬರ್ ಹಾಕಿ ಐಸಿಪಿ ಜಾಲತಾಣದಲ್ಲಿ ಫೈಲ್‌ನ ಸ್ಥಿತಿ ನೋಡಬಹುದು. ದುಬೈ ವೀಸಾ ಆಗಿದ್ದರೆ ಆಮೆರ್ ಸೆಂಟರ್‌ನಲ್ಲಿ ವಿಚಾರಿಸಬಹುದು. ಇದು ಸಂಶಯವಲ್ಲ. ಮಗಳಿಗೆ ಗಂಡು ನೋಡುವಾಗ ನಾಲ್ಕು ಕಡೆ ವಿಚಾರಿಸುವುದಿಲ್ಲವೇ? ಹಾಗೆಯೇ, ಕೇಳುವ ಗೆಳೆಯನೂ ತಾನಾಗಿ ಹೇಳಬೇಕು. ವಿಷಯ ಮುಚ್ಚಿಟ್ಟು ಇನ್ನೊಬ್ಬನಿಂದ ಸಹಿ ಹಾಕಿಸಿಕೊಳ್ಳುವುದು ವಂಚನೆ.

ಸ್ವತಃ ಸ್ಪಾನ್ಸರ್‌ಗೇ ಹಳೆಯ ಓವರ್‌ಸ್ಟೇ ಇದ್ದರೆ ಏನೆಂದು ಕೇಳುವವರಿದ್ದಾರೆ. ದಂಡ ತೀರಿಸಿ, ಈಗ ಸಿಂಧುವಾದ ಇಕಾಮಾ ಮತ್ತು ಬೇಕಾದ ಸಂಬಳ ಇದ್ದರೆ ಅರ್ಜಿ ಹಾಕಬಹುದು. ನೋಡುವುದು ಇಂದಿನ ಸ್ಥಿತಿಯನ್ನು.

ಇನ್ನು 'ಬಂದ ಮೇಲೆ ಕೆಲಸ ನೋಡಿಕೊಳ್ತೇನೆ' ಎಂಬ ಮಾತು. ವಿಸಿಟ್‌ನಲ್ಲಿ ದುಡಿಯುವಂತಿಲ್ಲ. ಪರ್ಮಿಟ್ ಇಲ್ಲದವನನ್ನು ಕೆಲಸಕ್ಕಿಟ್ಟ ಮಾಲೀಕನಿಗೆ 2024ರ ತಿದ್ದುಪಡಿಯ ಪ್ರಕಾರ 1 ಲಕ್ಷದಿಂದ 10 ಲಕ್ಷ ದಿರ್ಹಮ್ ದಂಡ. ಹಾಗಾಗಿ ಹಿಂದಿನಂತೆ ಪರಿಚಯದ ಅಂಗಡಿಯಲ್ಲಿ ಎರಡು ತಿಂಗಳು ನಿಲ್ಲಿಸಿಕೊಳ್ಳಿ ಎಂದು ಕೇಳುವುದು ಆ ಅಂಗಡಿಯವನ ಬದುಕಿಗೇ ಕುತ್ತು. ಪದವಿ ಪಡೆದವರಿಗೆ ಸ್ಪಾನ್ಸರ್ ಇಲ್ಲದೆಯೇ ಸಿಗುವ ಕೆಲಸ ಹುಡುಕುವ ವೀಸಾ ಇದೆ. ಅದರ ಷರತ್ತುಗಳು ಗಟ್ಟಿಯಾಗಿವೆ, ಎಲ್ಲರಿಗೂ ಸಿಗುವುದಲ್ಲ. ಆದರೂ ಅರ್ಹತೆ ಇರುವವನಿಗೆ ಅದೇ ನೇರ ದಾರಿ.

ಸೌದಿಯ ಲೆಕ್ಕ ಇನ್ನೂ ಬಿಗಿ. ಅಲ್ಲಿ ಇಕಾಮಾ ಇರುವವನು ಕುಟುಂಬದವರನ್ನು ಕರೆಸಬಹುದು, ಗೆಳೆಯನನ್ನಲ್ಲ. ಕರೆಸಿದವರು ಅವಧಿ ಮೀರಿ ಉಳಿದು, ಅದನ್ನು ತಿಳಿಸದಿದ್ದರೆ ಕರೆಸಿದವನಿಗೆ 50,000 ರಿಯಾಲ್ ವರೆಗೆ ದಂಡ, ಆರು ತಿಂಗಳವರೆಗೆ ಜೈಲು, ಗಡೀಪಾರು. 2017ರ ಕ್ಷಮಾದಾನದಲ್ಲಿ ಹೊರಟವರಿಗೆ ಗಡೀಪಾರಿನ ಬೆರಳಚ್ಚಿನಿಂದ ವಿನಾಯಿತಿ ಇತ್ತು, ಅವರು ಮರಳಬಹುದು. ಗಡೀಪಾರಾದವರು ಕೆಲಸಕ್ಕೆ ಮರಳುವಂತಿಲ್ಲ. ಹಜ್ ಮತ್ತು ಉಮ್ರಾಕ್ಕೆ ಮಾತ್ರ ಅವಕಾಶವಿದೆ. ಇನ್ನು ಮಕ್ಕಾ ನೋಡುವ ಭಾಗ್ಯವೇ ಇಲ್ಲವೆಂದು ಕೊರಗುವ ಹಿರಿಯರು ಇದನ್ನು ತಿಳಿದಿರಲಿ.

ಹಣದ ವಿಷಯವನ್ನೂ ಹೇಳಬೇಕು. ವೀಸಾ ಶುಲ್ಕ, ಟೈಪಿಂಗ್, ಇನ್ಶೂರೆನ್ಸ್ ಎಂದು ಖರ್ಚಾದದ್ದನ್ನು ಗೆಳೆಯನಿಂದ ಪಡೆಯುವುದರಲ್ಲಿ ತಪ್ಪಿಲ್ಲ. ಆದರೆ ಜಾಮೀನು ನಿಂತದ್ದಕ್ಕೇ ಪ್ರತಿಫಲ ತೆಗೆದುಕೊಳ್ಳುವುದನ್ನು ನಾಲ್ಕೂ ಮದ್‌ಹಬ್‌ಗಳ ಬಹುಪಾಲು ವಿದ್ವಾಂಸರು ಒಪ್ಪುವುದಿಲ್ಲ. ಜಾಮೀನು ಉಪಕಾರ, ವ್ಯಾಪಾರವಲ್ಲ. ವಿಸಿಟ್ ಒಂದಕ್ಕೆ ಇಷ್ಟು ಸಾವಿರ ಎಂದು ಇಟ್ಟುಕೊಳ್ಳುವ ನಮ್ಮವರು ಈ ಸಾಲನ್ನು ಇನ್ನೊಮ್ಮೆ ಓದಲಿ.

ಎಲ್ಲ ಕೇಳಿದ ಮೇಲೂ ಮನಸ್ಸು ಒಪ್ಪದಿದ್ದರೆ ಆಗದೆಂದು ಆ ದಿನವೇ ಹೇಳಿಬಿಡಿ. ನೋಡೋಣ, ಇನ್ಶಾ ಅಲ್ಲಾಹ್ ಎಂದು ಆರು ತಿಂಗಳು ಎಳೆದರೆ ಅವನು ಊರಿನ ಕೆಲಸ ಬಿಟ್ಟು ಕಾಯುತ್ತಾನೆ. ಒಪ್ಪಿದರೆ, ಹಿಂದಿರುಗುವ ಟಿಕೆಟ್ಟಿನ ದಿನವನ್ನು ವೀಸಾ ಮುಗಿಯುವ ದಿನಕ್ಕಿಂತ ನಾಲ್ಕೈದು ದಿನ ಮೊದಲೇ ಇಡಿ. ವಿಸಿಟ್‌ನಲ್ಲಿ ಹೆಚ್ಚುವರಿ ದಿನಗಳ ರಿಯಾಯಿತಿ ಇಲ್ಲ, ಮರುದಿನದಿಂದಲೇ ದಂಡ ಶುರು. ಅವನನ್ನು ವಿಮಾನ ಹತ್ತಿಸಿ ಬಂದ ಮೇಲೆ ಎಕ್ಸಿಟ್ ದಾಖಲಾಗಿದೆಯೇ ಎಂದು ಫೈಲ್ ನೋಡಿ. ಠೇವಣಿ ಇಟ್ಟಿದ್ದರೆ ಅದನ್ನು ವಾಪಸ್ ಕೇಳುವುದು ಅದಾದ ಮೇಲೆ.