ಮುಳುಬಾಗಿಲ ಬೆಟ್ಟಕ್ಕೆ ದಾರಿ

ಕೋಲಾರವನ್ನು ದಾಟಿ ತಿರುಪತಿಯ ಕಡೆಗೆ ಪ್ರಯಾಣಮಾಡುವಾಗ ತಾವು ಮುಳುಬಾಗಿಲ ಬೆಟ್ಟವನ್ನು ನೋಡಿರಬಹುದು. ನೋಡಿದವರು ಬಹುಮಂದಿ, ಹತ್ತಿದವರು ವಿರಳ. ಬುಡದಲ್ಲಿ ನಿಂತವರಿಗೆ ಬರಿಯ ಹಾಸುಬಂಡೆ, ಅದರ ಮೇಲೆ ಭಾರಿ ಗುಂಡುಗಳು. ದಾರಿಯೇ ಇಲ್ಲವೆಂದು ತೋರುತ್ತದೆ.

ದಾರಿಯಿಲ್ಲದೆ ಮೇಲೆ ಕೋಟೆ ಹೇಗೆ ಬಂದೀತು? ದುರ್ಗದಲ್ಲಿದ್ದವರಿಗೆ ಧಾನ್ಯವೂ ಮದ್ದುಗುಂಡೂ ಕೆಳಗಿನಿಂದಲೇ ಏರಬೇಕಾಗಿತ್ತು. ತಲೆಹೊರೆ ಹೊತ್ತವನು ನೆಟ್ಟಗೆ ಹತ್ತಲಾರನಷ್ಟೆ. ಆದುದರಿಂದ ಇಂಥ ಬೆಟ್ಟಗಳ ಹಳೆಯ ದಾರಿಯು ಬಂಡೆಗಳ ಸಂದಿನಲ್ಲಿ, ಮಣ್ಣು ನಿಂತು ಹುಲ್ಲು ಬೆಳೆದೆಡೆಯಲ್ಲಿ, ಬಳಸಿಕೊಂಡೇ ಹೋಗುತ್ತದೆ. ಉಳಿಯ ಗುರುತು, ಕಾಲು ಸವೆದು ನುಣುಪಾದ ಕಲ್ಲು, ಮೇಕೆಯ ಹಿಕ್ಕೆ, ಇವೇ ಅದರ ಸಾಕ್ಷಿ.

ಬಳಸುದಾರಿಯ ಬೆಲೆ 1768ರಲ್ಲಿ ಇಲ್ಲಿಯೇ ತಿಳಿಯಿತು. ಹೈದರಾಲಿಯಿಂದ ದುರ್ಗವನ್ನು ಕಸಿಯಬಂದ ಕರ್ನಲ್ ವುಡ್ಡನ ಇಂಗ್ಲಿಷ್ ಪಡೆಯು ಏಣಿಹಾಕಿ ಹತ್ತಹೋಗಿ ಹಿಮ್ಮೆಟ್ಟಿತು. ಅಕ್ಟೋಬರ್ 4ರಂದು ಹೈದರನ ಸೈನ್ಯ ಅದನ್ನು ಮುತ್ತಿದಾಗ, ಕ್ಯಾಪ್ಟನ್ ಬ್ರೂಕನು ಎರಡು ಫಿರಂಗಿಗಳನ್ನು ಮರೆಯಾದ ಸುತ್ತುದಾರಿಯಿಂದ ಚಪ್ಪಟೆ ಬಂಡೆಯೊಂದರ ನೆತ್ತಿಗೆ ಸಾಗಿಸಿ ಹಾರಿಸಿದನು. ಸಿಪಾಯಿಗಳಿಂದ “ಸ್ಮಿತ್, ಸ್ಮಿತ್” ಎಂದು ಕೂಗಿಸಿದನು. ದೂರದಲ್ಲಿದ್ದ ಕರ್ನಲ್ ಸ್ಮಿತ್ತನ ದಂಡೇ ಬಂದಿತೆಂಬ ಭ್ರಾಂತಿಯು ವುಡ್ಡನನ್ನು ಉಳಿಸಿತು.

ಈಗ ದಾರಿಯನ್ನು ಉಳಿಸುವವು ಮೇಕೆಯ ಕಾಲುಗಳು. ಮಂದೆ ಹತ್ತುವುದು ನಿಂತರೆ ಕೆಲವೇ ಮಳೆಗಾಲಗಳಲ್ಲಿ ಲಂಟಾನದ ಪೊದೆ ಅದನ್ನು ನುಂಗಿಬಿಡುತ್ತದೆ. ಮೇಕೆಯವನನ್ನು “ಮೇಲಕ್ಕೆ ದಾರಿಯುಂಟೇ?” ಎಂದರೆ ಇಲ್ಲವೆಂದಾನು. “ಸಂಜೆ ಮಂದೆಯನ್ನು ಎಲ್ಲಿಂದ ಇಳಿಸುತ್ತೀಯಪ್ಪ?” ಎಂದು ಕೇಳಬೇಕು. ಉತ್ತರವು ತೆಲುಗಿನಲ್ಲಿ ಬಂದರೆ ಆಶ್ಚರ್ಯಪಡಬೇಕಾದುದಿಲ್ಲ.