ಬಜಪೆಯ ಮೇಲೆ ಜೆಟ್ ಸದ್ದು



ನಿಮ್ಮ ಮನೆ ಮಂಗಳೂರಿನ ಬಜಪೆ, ಕೆಂಜಾರು, ಆದ್ಯಪಾಡಿ, ಮರವೂರುಗಳ ಕಡೆ ಇದ್ದರೆ ವಿಮಾನದ ಸದ್ದು ನಿಮಗೆ ಹೊಸದಲ್ಲ. ಆದರೆ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. “ಈಗಿನದ್ದೆಲ್ಲ ಏನು ಸದ್ದು! ಹಿಂದೆ ಬೋಯಿಂಗ್ ಬಂದರೆ ಮಾಡಿನ ಹಂಚು ಅದುರುತ್ತಿತ್ತು” ಎಂದು ಅವರು ಹೇಳಿಯಾರು. ಹಳೆಯದನ್ನು ದೊಡ್ಡದು ಮಾಡಿ ಹೇಳುವುದು ಹಿರಿಯರ ಅಭ್ಯಾಸವೆಂದು ನಗಬೇಡಿ. ಈ ಒಂದು ವಿಷಯದಲ್ಲಿ ಭೌತಶಾಸ್ತ್ರ ಅವರ ಪಕ್ಷದಲ್ಲಿದೆ. ವಿಮಾನಗಳು ದೊಡ್ಡದಾಗಿವೆ, ಎಂಜಿನ್ನುಗಳ ಬಲ ಹೆಚ್ಚಿದೆ, ಆದರೂ ಸದ್ದು ಇಳಿದಿದೆ. ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ನೋಡೋಣ.

ಬಜಪೆಯ ನಿಲ್ದಾಣ ಆರಂಭವಾದದ್ದು 1951ರ ಡಿಸೆಂಬರ್ 25ರಂದು. ಪ್ರಧಾನಿ ನೆಹರೂ ಅವರು ಅಂದು ಡಕೋಟಾ ವಿಮಾನದಲ್ಲಿ ಬಂದಿಳಿದರು. ಡಕೋಟಾದ್ದು ಪಿಸ್ಟನ್ ಎಂಜಿನ್. ದುಂಬಿ ಗುಂಯ್‌ಗುಟ್ಟಿದಂಥ ದಪ್ಪ ದನಿ. ಮುಂದೆ ಕಾನ್ಪುರದಲ್ಲಿ ತಯಾರಾದ ಆವ್ರೋ 748 ಬಂತು. ಅದರ ಡಾರ್ಟ್ ಟರ್ಬೊಪ್ರಾಪ್ ಎಂಜಿನ್ನಿನ ಸಿಳ್ಳು ಕಿವಿಗೆ ಸೂಜಿ ಚುಚ್ಚಿದಂತಿತ್ತು. ಹಂಚು ಅದುರಿಸಿದ ಕೀರ್ತಿ ಮಾತ್ರ ಇವೆರಡಕ್ಕೂ ಸಲ್ಲದು. ಅದು ಬೋಯಿಂಗ್ 737-200ಕ್ಕೆ ಸೇರಿದ್ದು.

ಈ ವಿಮಾನದ ಹಳೆಯ ಚಿತ್ರ ಸಿಕ್ಕರೆ ಎಂಜಿನ್ನನ್ನು ನೋಡಿ. ರೆಕ್ಕೆಯಡಿ ಅಂಟಿಸಿದ ಚುಟ್ಟದಂತೆ ತೆಳ್ಳಗೆ, ಉದ್ದಕ್ಕೆ ಇದೆ. ಜೆಟಿ8ಡಿ ಎಂಬ ಆ ಎಂಜಿನ್ನಿನ ಮುಂದಿನ ಫ್ಯಾನಿನ ಅಡ್ಡಳತೆ ಸುಮಾರು 1 ಮೀಟರ್. ಈಗಿನ 737-800 ವಿಮಾನದ ಎಂಜಿನ್ನಿನಲ್ಲಿ ಅದು ಸುಮಾರು 1.55 ಮೀಟರ್, ನೆಲಕ್ಕೆ ತಾಗೀತೆಂದು ಅದರ ಹೊದಿಕೆಯ ತಳವನ್ನು ಚಪ್ಪಟೆ ಮಾಡಬೇಕಾಯಿತು. ಎ320 ನಿಯೋ ವಿಮಾನದಲ್ಲಿ ಅಡ್ಡಳತೆ 2 ಮೀಟರಿನ ಆಸುಪಾಸು. ಸದ್ದು ಇಳಿದ ಗುಟ್ಟು ಈ ದಪ್ಪದಲ್ಲೇ ಇದೆ.

ಜೆಟ್ ಎಂಜಿನ್ ಗಾಳಿಯನ್ನು ಹಿಂದಕ್ಕೆ ತಳ್ಳಿ ವಿಮಾನವನ್ನು ಮುಂದಕ್ಕೆ ನೂಕುತ್ತದೆ. ನೂಕುಬಲ ಬೇಕಾದರೆ ಎರಡು ದಾರಿಗಳಿವೆ. ಸ್ವಲ್ಪ ಗಾಳಿಯನ್ನು ಬಹಳ ವೇಗವಾಗಿ ಚಿಮ್ಮಿಸಬಹುದು. ಬಹಳ ಗಾಳಿಯನ್ನು ನಿಧಾನವಾಗಿ ದೂಡಲೂಬಹುದು. ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದರೆ ನೀರು ಸುಯ್ಯೆಂದು ಚಿಮ್ಮುತ್ತದೆ, ಬೆರಳು ತೆಗೆದರೆ ಸದ್ದಿಲ್ಲದೆ ಹರಿಯುತ್ತದೆ. ಹಾಗೆಯೇ, ವೇಗದ ಬಿಸಿ ಗಾಳಿ ಸುತ್ತಲಿನ ನಿಂತ ಗಾಳಿಯನ್ನು ಉಜ್ಜಿ ಹರಿದು ಸುಳಿಗಳಾಗುತ್ತದೆ. ಗರ್ಜನೆ ಹುಟ್ಟುವುದು ಎಂಜಿನ್ನಿನ ಒಳಗಲ್ಲ, ಅದರ ಬೆನ್ನ ಹಿಂದಿನ ಈ ಸುಳಿಗಳಲ್ಲಿ.

1952ರಲ್ಲಿ ಜೇಮ್ಸ್ ಲೈಟ್‌ಹಿಲ್ ಎಂಬ ಇಂಗ್ಲೆಂಡಿನ ಗಣಿತಜ್ಞರು ಇದಕ್ಕೊಂದು ಲೆಕ್ಕ ಕೊಟ್ಟರು. ಚಿಮ್ಮುವ ಗಾಳಿಯ ಶಬ್ದಶಕ್ತಿ ಅದರ ವೇಗದ ಎಂಟನೆಯ ಘಾತಕ್ಕೆ ಅನುಗುಣವಾಗಿರುತ್ತದೆ! ವೇಗವನ್ನು ಅರ್ಧ ಮಾಡಿದರೆ ಶಬ್ದಶಕ್ತಿ 256ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದರೆ ನೂಕುಬಲ ಕಳೆದುಕೊಳ್ಳುವಂತಿಲ್ಲವಲ್ಲ? ಅದಕ್ಕಾಗಿ ಎಂಜಿನ್ನಿನ ಬಾಯಿಯ ವಿಸ್ತೀರ್ಣವನ್ನು 4 ಪಟ್ಟು ಮಾಡಬೇಕು, ಆಗ ಸದ್ದೂ 4 ಪಟ್ಟು ಏರುತ್ತದೆ. ಎಲ್ಲ ಕಳೆದು ಕೂಡಿದರೂ 64ರಲ್ಲಿ ಒಂದು ಪಾಲು, ಅಂದರೆ 18 ಡೆಸಿಬಲ್ ಇಳಿತ. 10 ಡೆಸಿಬಲ್ ಇಳಿದರೆ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ. 18 ಇಳಿದರೆ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಇಷ್ಟು ಲಾಭದ ವ್ಯಾಪಾರ ಎಂಜಿನಿಯರುಗಳಿಗೆ ಬೇರೆಲ್ಲೂ ಸಿಕ್ಕಿರಲಾರದು.

ಹೀಗಾಗಿ ಫ್ಯಾನ್ ದೊಡ್ಡದಾಯಿತು. ಅದು ಎಳೆದುಕೊಂಡ ಗಾಳಿಯ ಬಹುಪಾಲು, ಊರೊಳಗೆ ಬಾರದೆ ಬೈಪಾಸ್ ರಸ್ತೆ ಹಿಡಿದ ಬಸ್ಸಿನಂತೆ, ಉರಿಯುವ ಒಳಭಾಗಕ್ಕೆ ಹೋಗದೆ ಸುತ್ತಿಕೊಂಡು ಹಿಂದೆ ಹೊರಬೀಳುತ್ತದೆ. ಇದನ್ನು ಬೈಪಾಸ್ ಎಂದೇ ಕರೆಯುತ್ತಾರೆ. ಜೆಟಿ8ಡಿಯಲ್ಲಿ ಒಳಗೆ ಹೋದಷ್ಟೇ ಗಾಳಿ ಹೊರಗಿನಿಂದಲೂ ಹೋಗುತ್ತಿತ್ತು. 737-800ರಲ್ಲಿ ಒಂದು ಪಾಲು ಒಳಗಾದರೆ 5 ಪಾಲು ಹೊರಗೆ. ನಿಯೋ ವಿಮಾನಗಳಲ್ಲಿ 11ರಿಂದ 12 ಪಾಲು. 737-200ರ ಒಂದೊಂದು ಎಂಜಿನ್ನಿನ ಬಲ ಸುಮಾರು 70 ಕಿಲೋನ್ಯೂಟನ್. 737-800ರದ್ದು 117ರ ವರೆಗೂ ಇದೆ. ಬಲ ಹೆಚ್ಚಿಯೂ ಸದ್ದು ಇಳಿಯಿತು ಎಂದದ್ದು ಇದಕ್ಕೆ.

ಬಜಪೆಗೆ ಇನ್ನೊಂದು ಕಾರಣವೂ ಇತ್ತು. ಹಳೆಯ ರನ್‌ವೇಯ ಉದ್ದ ಸುಮಾರು 1,600 ಮೀಟರ್ ಮಾತ್ರ, ಆಚೆ ಈಚೆ ಕಣಿವೆ. ಇಳಿದ ಬೋಯಿಂಗು ಬೇಗ ನಿಲ್ಲಲೇಬೇಕು. ಆಗ ಎಂಜಿನ್ನಿನ ಹಿಂಬಾಯಿಗೆ ಎರಡು ಲೋಹದ ಬಾಗಿಲುಗಳು ಚಿಪ್ಪಿನಂತೆ ಮುಚ್ಚಿಕೊಂಡು ಗಾಳಿಯನ್ನು ಮುಂದಕ್ಕೆ ತಿರುಗಿಸುತ್ತಿದ್ದವು. ಇಳಿಯುವಾಗ ತಗ್ಗಿದ್ದ ಎಂಜಿನ್ ಮತ್ತೆ ಅಬ್ಬರಿಸುತ್ತಿದ್ದುದು ಇದರಿಂದ. 2006ರಲ್ಲಿ 2,450 ಮೀಟರ್ ಉದ್ದದ ಹೊಸ ರನ್‌ವೇ ಬಳಕೆಗೆ ಬಂತು.

ಈಗಿನ ವಿಮಾನಗಳಿಗೂ ತಮ್ಮದೇ ದನಿಗಳಿವೆ, ಕಿವಿಗೊಡಬೇಕು ಅಷ್ಟೆ. 737-800 ಮೇಲೇರುವಾಗ ಮುಂಭಾಗದಿಂದ ಗರಗಸ ಎಳೆದಂಥ ಸದ್ದು ಬರುತ್ತದೆ. ಫ್ಯಾನಿನ ಅಲಗುಗಳ ತುದಿ ಶಬ್ದದ ವೇಗವನ್ನು ಮೀರಿದಾಗ ಆಗುವಂಥದ್ದು ಇದು. ಎ320ರಲ್ಲಿ ಕುಳಿತವರಿಗೆ, ನೆಲದ ಮೇಲಿರುವಾಗ, ಕಾಲಡಿಯಲ್ಲಿ ನಾಯಿ ಬೊಗಳಿದಂತೆ ಕೇಳಿಸುವುದುಂಟು. ಗಾಬರಿ ಬೇಡ, ಒಂದು ಹೈಡ್ರಾಲಿಕ್ ವ್ಯವಸ್ಥೆಯಿಂದ ಇನ್ನೊಂದಕ್ಕೆ ಶಕ್ತಿ ಒದಗಿಸುವ ಯಂತ್ರವದು. ಹಳೆಯ ಎ320 ಇಳಿಯಲು ಬರುವಾಗ ಖಾಲಿ ಬಾಟಲಿಯ ಬಾಯಿಗೆ ಊದಿದಂಥ ಸಿಳ್ಳು ಕೇಳುತ್ತಿತ್ತು. ರೆಕ್ಕೆಯಡಿಯ ಇಂಧನ ಟ್ಯಾಂಕಿನ ದುಂಡು ರಂಧ್ರಗಳ ಮೇಲೆ ಗಾಳಿ ಹಾಯ್ದು ಆಗುತ್ತಿದ್ದ ಸದ್ದದು. ರಂಧ್ರದ ಮುಂದೆ ಒಂದು ಪುಟ್ಟ ತಗಡಿಟ್ಟರೆ ನಿಲ್ಲುತ್ತದೆಂದು ಕಂಡುಕೊಂಡು 2014ರಿಂದ ಲುಫ್ತಾನ್ಸಾ ಕಂಪನಿ ತನ್ನ ವಿಮಾನಗಳಿಗೆ ಅದನ್ನು ಜೋಡಿಸತೊಡಗಿತು. ಎಂಜಿನ್ ಮೆತ್ತಗಾದ ಮೇಲೆ ಇಂಥ ಸದ್ದುಗಳೇ ಮುಂದೆ ಬಂದಿವೆ. ಇಳಿಯುವಾಗ ಇಂದು ನೀವು ಕೇಳುವುದರಲ್ಲಿ ಹೆಚ್ಚಿನ ಪಾಲು ಚಕ್ರ, ಫ್ಲಾಪುಗಳನ್ನು ಗಾಳಿ ಸೀಳುವ ಸದ್ದು.

ವಿಮಾನದ ಸದ್ದನ್ನು ಪ್ರಮಾಣೀಕರಿಸುವಾಗ ಅಳೆಯುವ ಮೂರು ಸ್ಥಳಗಳಲ್ಲಿ ಒಂದು, ರನ್‌ವೇ ಆರಂಭವಾಗುವ ಜಾಗದಿಂದ 2,000 ಮೀಟರ್ ಹಿಂದೆ. 3 ಡಿಗ್ರಿ ಇಳಿಜಾರಿನಲ್ಲಿ ಬರುವ ವಿಮಾನ ಅಲ್ಲಿ 120 ಮೀಟರ್ ಎತ್ತರದಲ್ಲಿರುತ್ತದೆ. ಬಜಪೆಯದು ಗುಡ್ಡದ ನೆತ್ತಿಯ ನಿಲ್ದಾಣ, ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಮೇಲೆ. ಅದೇ ದೂರದಲ್ಲಿ ಒಬ್ಬರ ಮನೆ ಪಕ್ಕದ ಗುಡ್ಡದ ಮೇಲೂ ಇನ್ನೊಬ್ಬರದು ಕೆಳಗೆ ಹೊಳೆಯ ಬದಿಯಲ್ಲೂ ಇದ್ದರೆ, ಮೊದಲಿನವರಿಗೆ ವಿಮಾನ 120 ಮೀಟರ್ ದೂರ, ಎರಡನೆಯವರಿಗೆ 220 ಮೀಟರಿನಷ್ಟು. ದೂರ ಇಮ್ಮಡಿಸಿದರೆ 6 ಡೆಸಿಬಲ್ ಇಳಿಯುವ ನಿಯಮದಂತೆ ಗುಡ್ಡದ ಮನೆಗೆ 5 ಡೆಸಿಬಲ್‌ನಷ್ಟು ಹೆಚ್ಚು. ಭೂಪಟದ ಮೇಲೆ ಸುತ್ತು ಗೆರೆ ಎಳೆದು ಸದ್ದು ಅಂದಾಜು ಮಾಡುವವರು ಕರಾವಳಿಯ ಏರಿಳಿತವನ್ನು ಮರೆಯಬಾರದು.

ಹಾಗಾದರೆ ತೊಂದರೆ ಮುಗಿಯಿತೇ? ಒಂದೊಂದು ವಿಮಾನದ ಸದ್ದು ಇಳಿದರೂ ವಿಮಾನಗಳ ಸಂಖ್ಯೆ ಏರಿದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ವಿಮಾನದ ಸದ್ದಿನ ದಿನದ ಸರಾಸರಿ, ರಾತ್ರಿಯ ಸದ್ದಿಗೆ ಹೆಚ್ಚು ತೂಕ ಕೊಟ್ಟು ಲೆಕ್ಕ ಹಾಕಿದಾಗ, 45 ಡೆಸಿಬಲ್‌ಗಿಂತ ಕೆಳಗಿರಬೇಕೆಂದು ಹೇಳಿತು. ಆದರೆ ಸರಾಸರಿ ಎಲ್ಲವನ್ನೂ ಹೇಳುವುದಿಲ್ಲ. ಪಾಠ ಮಾಡುವವರು ಅರ್ಧ ವಾಕ್ಯಕ್ಕೆ ನಿಲ್ಲಿಸಬೇಕಾದರೆ ಒಂದೇ ವಿಮಾನ ಸಾಕು. ಜರ್ಮನಿಯ ಮ್ಯೂನಿಕ್ ನಗರದಲ್ಲಿ 1992ರಲ್ಲಿ ಹಳೆಯ ನಿಲ್ದಾಣ ಮುಚ್ಚಿ ಬೇರೆಡೆ ಹೊಸದು ತೆರೆದಾಗ, ವಿಜ್ಞಾನಿಗಳು ಎರಡೂ ಕಡೆಯ ಶಾಲಾ ಮಕ್ಕಳನ್ನು ಪರೀಕ್ಷಿಸಿದರು. ಹಳೆಯ ನಿಲ್ದಾಣದ ಬಳಿಯ ಮಕ್ಕಳ ಓದು ಮತ್ತು ನೆನಪು ಸುಧಾರಿಸಿತು. ಹೊಸದರ ಬಳಿಯವರದು ಕುಂದಿತು. ಚಿಕ್ಕ ಮಕ್ಕಳ ಕಲಿಕೆಯನ್ನು ಸದ್ದು ಕಸಿಯುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಸಿಗುವುದು ಕಷ್ಟ. ಕಳೆದದ್ದು ಮರಳಿ ಬರುತ್ತದೆ ಎಂಬುದಕ್ಕೂ ಇದೇ ಸಾಕ್ಷ್ಯ.

ಮೀಟರಿಗೆ ಸಿಗದ ಮತ್ತೊಂದು ಸಂಗತಿಯಿದೆ. ವಿಮಾನ ಬಿದ್ದೀತೆಂಬ ಭಯವುಳ್ಳವರಿಗೆ ಅದೇ ಡೆಸಿಬಲ್ ಹೆಚ್ಚು ಕಿರಿಕಿರಿ ಮಾಡುತ್ತದೆಂದು ಅಧ್ಯಯನಗಳು ತೋರಿಸಿವೆ. 2010ರ ಮೇ 22ರ ಮುಂಜಾನೆ ದುಬೈನಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಮಂದಿ ಸತ್ತ ಊರಿದು. ಅಲ್ಲಿನವರು ಸದ್ದಿಗೆ ತಲೆಯೆತ್ತಿ ನೋಡಿದರೆ ಅದು ಬರಿಯ ಕುತೂಹಲವೆಂದು ತಿಳಿಯಬೇಡಿ.

ನಿಮ್ಮ ಶಾಲೆಯ ಅಂಗಳದಲ್ಲೇ ಇದನ್ನು ಅಳೆದು ನೋಡಬಹುದು. ಮೊಬೈಲ್ ಫೋನಿನ ಡೆಸಿಬಲ್ ಮಾಪಕ ಪೂರ್ತಿ ನಿಖರವಲ್ಲ. ಆದರೆ ಒಂದೇ ಫೋನನ್ನು ಒಂದೇ ಜಾಗದಲ್ಲಿಟ್ಟರೆ ವಿಮಾನ ವಿಮಾನಗಳ ನಡುವಿನ ವ್ಯತ್ಯಾಸ ತಿಳಿಯಲು ಸಾಕು. ವಿಮಾನ ಇಲ್ಲದಾಗಿನ ಸದ್ದನ್ನು ಮೊದಲು ಬರೆದಿಟ್ಟುಕೊಳ್ಳಿ. ಆಮೇಲೆ ವಿಮಾನದ ಜಾತಿ, ಹೊತ್ತು, ಏರುತ್ತಿತ್ತೋ ಇಳಿಯುತ್ತಿತ್ತೋ, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಪಾಠ ಎಷ್ಟು ಸೆಕೆಂಡು ನಿಂತಿತು ಎಂಬುದನ್ನೆಲ್ಲ ಗುರುತು ಮಾಡಿ. ಹಂಚಿನ ಮೇಲೆ ಆಟಿಯ ಮಳೆ ಹೊಯ್ಯುತ್ತಿರುವ ದಿನಗಳನ್ನು ಲೆಕ್ಕದಿಂದ ಬಿಟ್ಟುಬಿಡಿ. ಆಗ ಮೇಲೆ ಯಾವ ವಿಮಾನ ಹೋದರೂ ಕೆಳಗಿನವರಿಗೆ ಕೇಳಿಸದು.